ಪಟ್ಟೆ ಅಂಜಲ್, ಚುಕ್ಕಿ ಅಂಜಲ್: ನನ್ನ ಓಟು ಚುಕ್ಕಿಗೆ

ಬೆಂಗಳೂರಿನ ಅಂಗಡಿಗಳಲ್ಲಿ ಅಂಜಲ್ ಅಂದರೆ ಒಂದೇ ಮೀನು, ಒಂದೇ ರೇಟು. ಆದರೆ ಮಲ್ಪೆ, ಮಂಗಳೂರು ಕಡೆ ಬಲೆಗೆ ಬೀಳುವ ಅಂಜಲ್‌ನಲ್ಲಿ ಪಟ್ಟೆಯದ್ದು ಬೇರೆ, ಚುಕ್ಕಿಯದ್ದು ಬೇರೆ. ವಿಜ್ಞಾನದ ಹೆಸರಿನಲ್ಲಿ ಮೊದಲನೆಯದು ಕಾಮರ್ಸನ್, ಎರಡನೆಯದು ಗಟ್ಟೇಟಸ್. ಎರಡನ್ನೂ ತಂದು ತಿಂದು ನೋಡಿದ್ದೇನೆ. ನನಗೆ ಚುಕ್ಕಿಯೇ ಇಷ್ಟ. ಆದರೆ ಅದರ ರೇಟು ಪಟ್ಟೆಗಿಂತ ಕಡಿಮೆ, ಆ ರೇಟೇ ಹಾಕಬೇಕು. ಕಳೆದ ಮಳೆಗಾಲದಲ್ಲಿ ಒಂದು ಅಂಗಡಿಯವರು ಪಟ್ಟೆಯ ರೇಟಿಗೆ ಚುಕ್ಕಿ ಕೊಟ್ಟು ಕಳಿಸಿದರು. ಅದಕ್ಕೇ ಇಷ್ಟು ಬರೆಯುತ್ತಿರುವುದು.

ಪಟ್ಟೆ ನೋಡಿದರೆ ಗೊತ್ತಾಗಲ್ವಾ ಅಂತೀರಿ. ಬೆಳೆದ ಮೀನಾದರೆ ಗೊತ್ತಾಗುತ್ತದೆ. ಬೆನ್ನಿಂದ ಹೊಟ್ಟೆಗೆ ಇಳಿಯುವ 40–50 ಸಪೂರ ಪಟ್ಟೆ ಇರುತ್ತವೆ. ತಲೆನೋವು ಇರುವುದು ಎಳೆಯದರಲ್ಲಿ. 45 ಸೆಂ.ಮೀ. ಒಳಗಿನ ಮೀನಿಗೆ ಸಾಮಾನ್ಯವಾಗಿ 20 ಪಟ್ಟೆಯೂ ಇರುವುದಿಲ್ಲ. ಹೊಟ್ಟೆಯ ಹತ್ತಿರ ಆ ಪಟ್ಟೆ ತುಂಡಾಗಿ ಚುಕ್ಕಿಯ ಹಾಗೆ ಕಾಣುವುದೂ ಉಂಟು. ಚುಕ್ಕಿ ಅಂಜಲ್ ಮಾರುಕಟ್ಟೆಗೆ ಬರುವುದೂ ಹೆಚ್ಚುಕಡಿಮೆ ಅದೇ ಸೈಜಿನಲ್ಲಿ. ಅದರ ಮೇಲೆ ಐಸ್. ಜೂನ್, ಜುಲೈನಲ್ಲಿ ನಮ್ಮ ಕರಾವಳಿಯ ಯಾಂತ್ರಿಕ ಬೋಟುಗಳು ದಡದಲ್ಲೇ ಇರುತ್ತವೆ. ಆಗ ಅಂಗಡಿಗೆ ಬರುವುದು ಜಾಸ್ತಿ ಐಸಿನಲ್ಲಿ ಕೂತ ಮಾಲು. ಪಟ್ಟೆ, ಚುಕ್ಕಿ ಎಲ್ಲ ಮಾಸಿ ಬೂದು ಬಣ್ಣ. ಬೆನ್ನಿನ ಮೊದಲ ರೆಕ್ಕೆ ನೋಡೋಣವೆಂದರೆ ಅದು ಸೀಳಿನೊಳಗೆ ಮಡಚಿಕೊಂಡು ಕೂತಿರುತ್ತದೆ.

ಹಾಗಾಗಿ ನಾನು ನೋಡುವುದು ಪಾರ್ಶ್ವರೇಖೆ. ಕಿವಿರಿನ ಹಿಂದಿನಿಂದ ಬಾಲದವರೆಗೆ ಹೋಗುವ ತೆಳುವಾದ ಗೆರೆ ಅದು. ಬಣ್ಣ ಮಾಸಿದರೂ ಅದು ಉಳಿಯುತ್ತದೆ. ಪಟ್ಟೆ ಅಂಜಲ್‌ನಲ್ಲಿ ಎರಡನೇ ಬೆನ್ನುರೆಕ್ಕೆ ಮುಗಿಯುವಲ್ಲಿ ಗೆರೆ ಥಟ್ಟನೆ ಕೆಳಗಿಳಿಯುತ್ತದೆ. ಚುಕ್ಕಿಯದರಲ್ಲಿ ಅಂಥ ಇಳಿತ ಇಲ್ಲ, ಮೆಲ್ಲಗೆ ಬಾಗುತ್ತಾ ಬಾಲ ಸೇರುತ್ತದೆ. ಜೊತೆಗೆ ಆ ಗೆರೆಯ ಮುಂಭಾಗದಲ್ಲಿ ಸಣ್ಣ ಸಣ್ಣ ಕವಲುಗಳಿರುತ್ತವೆ. ಮೀನನ್ನು ಒರೆಸಿ, ಬೆಳಕಿಗೆ ಸ್ವಲ್ಪ ಓರೆ ಮಾಡಿದರೆ ಕಾಣುತ್ತದೆ. ಮಾರುವವರು ಗೊಣಗುತ್ತಾರೆ. ಗೊಣಗಲಿ.

ಪೀಸ್ ಮಾಡಿಟ್ಟಿದ್ದರೆ ಈ ವಿದ್ಯೆ ನಡೆಯಲ್ಲ. ತಟ್ಟೆಯಗಲದ ಪೀಸಾದರೆ ಚುಕ್ಕಿಯದ್ದಲ್ಲ ಅಂತ ಮಾತ್ರ ಹೇಳಬಹುದು. ಪಟ್ಟೆ 2 ಮೀಟರ್ ದಾಟಿಯೂ ಬೆಳೆಯುತ್ತದೆ, ಚುಕ್ಕಿ ಮುಕ್ಕಾಲು ಮೀಟರ್ ಆಸುಪಾಸಿಗೆ ನಿಲ್ಲುತ್ತದೆ.

ಮೈಯುದ್ದಕ್ಕೂ ತುಂಡು ಗೆರೆಗಳಿರುವ ಲಿನಿಯೊಲೇಟಸ್ ಅಂತ ಇನ್ನೊಂದಿದೆ. ನನ್ನ ಕೈಗೆ ಸಿಕ್ಕಿಲ್ಲ, ಬಿಡಿ.

ರುಚಿ? ರವೆ ಹಚ್ಚಿ ತವಾದಲ್ಲಿ ಹುರಿಯಲು ಪಟ್ಟೆಯೇ ಸರಿ, ದಪ್ಪ ಪೀಸು ಮುರಿಯದೆ ನಿಲ್ಲುತ್ತದೆ. ನೆಂಟರು ಬಂದರೆ ಅದನ್ನೇ ತರುತ್ತೇನೆ. ಆದರೆ ನಮ್ಮ ಮನೆಯಲ್ಲಿ ಇಬ್ಬರೇ. ಫ್ರಿಜ್ಜಿನಲ್ಲಿಟ್ಟ ಮೀನು ನನಗೆ ಸೇರಲ್ಲ. ಇಡೀ ಚುಕ್ಕಿ ತಂದರೆ ತಲೆ, ಬಾಲ ಸಾರಿಗೆ, ನಡುವಿನದು ಹುರಿಯಲು, ಒಂದೇ ದಿನಕ್ಕೆ ಖಾಲಿ. ಕೇಜಿಗೆ ದುಡ್ಡೂ ಕಡಿಮೆ. ಎರಡಕ್ಕೂ ಒಂದೇ ರೇಟು ಅಂದರೆ ಮಾತ್ರ ಸುಮ್ನೆ ಬಂಗುಡೆ ಹಾಕಿಸಿಕೊಂಡು ಬರುತ್ತೇನೆ.