ಟೈಟೇನಿಯಂ ಮೆಶ್: ಒಸಡು ಮುಚ್ಚಿದ್ದರೆ ಮಾತ್ರ ಎಲುಬು

ಹಲ್ಲು ಕೀಳಿಸಿ ವರ್ಷಗಟ್ಟಲೆ ಹಾಗೇ ಬಿಟ್ಟ ದವಡೆಯಲ್ಲಿ ಎಲುಬು ಕರಗಿ ಎತ್ತರವೇ ಇಳಿದಿದ್ದರೆ, ಎಲುಬಿನಲ್ಲಿ ಕೂರಿಸುವ ಕೃತಕ ಬೇರಾದ ಇಂಪ್ಲಾಂಟ್‌ಗೆ ಮೊದಲು ಎಲುಬು ಬೆಳೆಸಬೇಕು. ಅಂಥ ಕಡೆ 0.2 ಮಿ.ಮೀ. ದಪ್ಪದ ಟೈಟೇನಿಯಂ ಮೆಶ್ (ಎಲುಬು ಬೆಳೆಯಲು ಜಾಗ ಹಿಡಿದಿಡುವ, ತೂತುಗಳಿರುವ ಲೋಹದ ಹಾಳೆ) ಕೊಟ್ಟ ದುಡ್ಡಿಗೆ ಮೋಸವಿಲ್ಲದ ಸಾಮಾನು. ಅದರ ಬದಲು ಹಾಕುವ, ತಾನಾಗಿ ಕರಗುವ ಕೊಲ್ಯಾಜನ್ ಪೊರೆ ಮೆತ್ತಗಿರುವುದರಿಂದ ಒಸಡಿನ ಒತ್ತಡಕ್ಕೆ ಕುಸಿಯುತ್ತದೆ. ಅಗಲವಷ್ಟೇ ಎರಡು ಮಿ.ಮೀ. ಕಡಿಮೆಯಿದ್ದರೆ ಪೊರೆಯೇ ಸಾಕು, ಮೆಶ್ ಬೇಕಿಲ್ಲ.

ಮೆಶ್ ಬಗ್ಗಿಸುವ ಮೊದಲು ಹೊಲಿಗೆ ದಾರದ ಪೊಟ್ಟಣದೊಳಗಿನ ಸ್ಟೆರೈಲ್ ತಗಡನ್ನು ದವಡೆಗೆ ಒತ್ತಿ ಅಳತೆ ತೆಗೆಯಿರಿ. ಪಕ್ಕದ ಹಲ್ಲಿನಿಂದ ಒಂದೂವರೆ–ಎರಡು ಮಿ.ಮೀ. ಬಿಟ್ಟು ಕತ್ತರಿಸಿ. ಕತ್ತರಿ ಹಾದ ಕಡೆ ಅರ್ಧ ಕಡಿದ ತೂತುಗಳು ಮುಳ್ಳಿನಂತೆ ನಿಂತಿರುತ್ತವೆ. ಗ್ಲೌಸ್ ಹಾಕಿದ ಬೆರಳನ್ನು ಅಂಚಿನುದ್ದಕ್ಕೂ ಎಳೆದು ನೋಡಿ. ಒಂದು ಕಡೆ ಸಿಕ್ಕಿಕೊಂಡರೂ ಬರ್ (ತಿರುಗುತ್ತ ಉಜ್ಜುವ ತುದಿ) ಹಿಡಿದು ಉಜ್ಜಿ. ನಾಳೆ ಒಸಡು ಹರಿಯುವುದು ಅಲ್ಲಿಂದಲೇ.

ಮೆಶ್ ಒಳಗೆ ತುಂಬುವುದು ರೋಗಿಯದೇ ಎಲುಬಿನ ಚೂರು ಅರ್ಧ, ದನದ ಎಲುಬಿನಿಂದ ಮಾಡಿದ ಪುಡಿ ಅರ್ಧ. ಈ ಪುಡಿ ಯಾವುದರದು ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ನಮ್ಮ ಕಡೆ ಬೇಡ ಎನ್ನುವ ಮನೆತನಗಳು ಬಹಳ, ಅವರಿಗೆ ಪ್ರಾಣಿಯಿಂದ ಬರದ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಪುಡಿ ಇದೆ. ಮೆಶ್ಶನ್ನು ಸಣ್ಣ ಸ್ಕ್ರೂಗಳಿಂದ ಅಲುಗದಂತೆ ಬಿಗಿಯಬೇಕು. ಅಲುಗಾಡಿದರೆ ಎಲುಬಿನ ಬದಲು ನಾರು ಬೆಳೆಯುತ್ತದೆ.

ಇದರ ದೊಡ್ಡ ದೋಷ ಒಂದೇ: ಒಸಡು ಬಿಟ್ಟು ಲೋಹ ಹೊರಗೆ ಕಾಣುವುದು. ಹೊಲಿಗೆ ಎಳೆತದಿಂದ ಕೂಡಿದ್ದರೆ, ಮೇಲೆ ಸೆಟ್ ಹಲ್ಲು ಒತ್ತಿದರೆ, ಗುಟ್ಕಾ-ತಂಬಾಕು ನಿಲ್ಲದಿದ್ದರೆ ಹೀಗಾಗುತ್ತದೆ. ಒಸಡಿನ ಒಳಮೈಗೆ ಅಂಟಿರುವ ಎಲುಬಿನ ಹೊರಪೊರೆಯನ್ನು ಒಳಗಿನಿಂದ ಸಡಿಲಿಸಿ, ಒಸಡಿನ ಎರಡೂ ಅಂಚು ಎಳೆಯದೆಯೇ ಒಂದರ ಮೇಲೊಂದು ಬರುವ ತನಕ ಸೂಜಿ ಹಿಡಿಯಬೇಡಿ. ರೋಣ, ಶಿರಹಟ್ಟಿ, ಹಿರೇಕೆರೂರಿನಿಂದ ಹುಬ್ಬಳ್ಳಿಗೆ ವಾರವಾರ ಬರಲಾಗದವರಿಗೆ, ತುಟಿ ಎತ್ತಿ ಬಿಸಿಲಲ್ಲಿ ಫೋಟೋ ತೆಗೆದು ಕಳಿಸಲು ಕಲಿಸಿ. ಬೂದು ಹೊಳಪು ಕಂಡರೆ ಅದೇ ದಿನ ಕರೆಸಿ. ಕೀವಿಲ್ಲದಿದ್ದರೆ ಸೋಂಕು ತಡೆಯುವ ಕ್ಲೋರ್‌ಹೆಕ್ಸಿಡಿನ್ ಹಚ್ಚುತ್ತ ಕಾಯಬಹುದು, ಕೀವಿದ್ದರೆ ತೆಗೆಯಲೇಬೇಕು. ಮೊದಲ ನಾಲ್ಕು ವಾರದೊಳಗೆ ತೆರೆದುಕೊಂಡದ್ದು ಹೆಚ್ಚು ಅಪಾಯ.

ಸಿಟಿ ಸ್ಕ್ಯಾನ್ ನೋಡಿ ಅಳತೆಗೆ ತಕ್ಕಂತೆ 3ಡಿ ಪ್ರಿಂಟ್ ಮಾಡಿಸುವ ಮೆಶ್‌ನ ಅಂಚು ನುಣುಪು, ಬಗ್ಗಿಸುವ ಕೆಲಸವಿಲ್ಲ, ಆದರೆ ದುಬಾರಿ. ಸಿಟಿ ಆದ ಮೇಲೆ ಹಲ್ಲು ಕಿತ್ತರೆ ಅಳತೆ ತಪ್ಪುತ್ತದೆ.

ಮೆಶ್ ತೆಗೆಯುವುದು ಆರರಿಂದ ಒಂಬತ್ತು ತಿಂಗಳಿಗೆ. ತೂತುಗಳಲ್ಲಿ ಅಂಗಾಂಶ ಹೊಕ್ಕು ಬಿಗಿದಿರುತ್ತದೆ. ಮೀಟಿ ಕೀಳಬೇಡಿ, ನಡುವೆ ಕತ್ತರಿಸಿ ತುಂಡುತುಂಡಾಗಿ ಬಿಡಿಸಿ. ಕೆಳಗೆ ಒಂದೆರಡು ಮಿ.ಮೀ. ಮೆತ್ತನೆಯ ಪದರ ಸಿಗುತ್ತದೆ, ಅದು ಎಲುಬಲ್ಲ. ಬೇಕಾದ ಎತ್ತರಕ್ಕಿಂತ ಅಷ್ಟು ಹೆಚ್ಚಿಗೆ ಮೊದಲೇ ತುಂಬಿರಬೇಕು.