ಮಕ್ಕಳನ್ನು ಗೇಟಿನಲ್ಲಿ ಇಳಿಸಿ ಹೋಗುವ ಹಾಗಿಲ್ಲ: 3 ವಾರದ ಕುಟುಂಬ ಬೇಸಿಗೆ ಶಿಬಿರ ಹೇಗಿತ್ತು

ಮೊದಲೇ ಹೇಳಿಬಿಡುತ್ತೇನೆ, ಮುಂದಿನ ವರ್ಷವೂ ನಾವು ಹೋಗುತ್ತೇವೆ. ಆದರೆ ಎಲ್ಲರೂ ಹೋಗಿ ಅಂತ ಕಣ್ಣು ಮುಚ್ಚಿಕೊಂಡು ಹೇಳಲಾರೆ. ಈ ಶಿಬಿರಕ್ಕೆ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಮಗುವಿನ ಜೊತೆ ಮನೆಯ ದೊಡ್ಡವರು ಒಬ್ಬರು ಇರಲೇಬೇಕು. ಅಪ್ಪ, ಅಮ್ಮ, ಅಜ್ಜಿ, ತಾತ, ಚಿಕ್ಕಮ್ಮ, ಯಾರಾದರೂ ಸರಿ. ಇದ್ದರೆ ಸುಮ್ನೆ ಗೋಡೆಗೆ ಒರಗಿ ಕೂರುವುದಲ್ಲ, ಮಕ್ಕಳು ಏನು ಮಾಡುತ್ತಾರೋ ಅದನ್ನೇ ಅವರೂ ಮಾಡಬೇಕು. ನೋಂದಣಿ ಮಾಡಿಸುವಾಗ ಇದು ನನಗೆ ದೊಡ್ಡ ತಲೆನೋವು ಅನ್ನಿಸಿತ್ತು. ಈಗ ಕೇಳಿದರೆ ಶಿಬಿರದ ಜೀವವೇ ಆ ನಿಯಮ ಅನ್ನುತ್ತೇನೆ.

ನಡೆಸುವವರು ಬಡಾವಣೆಯ ಗ್ರಂಥಾಲಯದ ಸ್ವಯಂಸೇವಕರು. ಒಟ್ಟು 3 ವಾರ. ವಾರಕ್ಕೆ 5 ದಿನ ಬೆಳಿಗ್ಗೆ 9.30ರಿಂದ 12ರವರೆಗೆ ಮಕ್ಕಳ ಚಟುವಟಿಕೆ, ಶನಿವಾರ ಸಂಜೆ ಮನೆಮಂದಿಗೆಲ್ಲ ಸೇರಿ ಒಂದು ಕಾರ್ಯಕ್ರಮ. 5ರಿಂದ 12 ವರ್ಷದ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ. ನನ್ನ ಮಗಳಿಗೆ 9, ಮಗನಿಗೆ 5. ನನಗೆ ರಜೆ ಸಿಕ್ಕ ದಿನ ನಾನು ಹೋದೆ, ಉಳಿದ ದಿನ ಅತ್ತೆ ಹೋದರು.

ಸೇರಿಸುವ ಮೊದಲು ನಾನು ಬೇರೆ ಕೆಲವು ಶಿಬಿರಗಳ ಜಾಹೀರಾತೂ ನೋಡಿದ್ದೆ. ಬೇಸಿಗೆಯಲ್ಲಿ ಮಕ್ಕಳು ಕಲಿತದ್ದೆಲ್ಲ ಮರೆತುಬಿಡುತ್ತಾರೆ ಅಂತ ಹೆದರಿಸುವುದೇ ಜಾಸ್ತಿ. ಆ ಮಾತು ಎಲ್ಲಿಂದ ಬಂತು ಅಂತ ಹುಡುಕಿದೆ. 1996ರಲ್ಲಿ ಅಮೆರಿಕದ ಸಂಶೋಧಕ ಹ್ಯಾರಿಸ್ ಕೂಪರ್ ಮತ್ತು ಜೊತೆಗಾರರು 39 ಅಧ್ಯಯನಗಳನ್ನು ನೋಡಿ, ಅವುಗಳಲ್ಲಿ ಹೊಸದಾದ 13ರ ಲೆಕ್ಕವನ್ನು ಒಟ್ಟುಗೂಡಿಸಿ, ಬೇಸಿಗೆ ರಜೆಯಲ್ಲಿ ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬೀಳುತ್ತಾರೆ, ಓದಿಗಿಂತ ಗಣಿತದಲ್ಲಿ ಹೆಚ್ಚು ಅಂತ ಬರೆದಿದ್ದರು. ಆದರೆ ಆ ಕಾಲದ ಪರೀಕ್ಷೆಗಳಲ್ಲಿ ಅಂಕ ಕೊಡುವ ರೀತಿಯಲ್ಲೇ ತೊಡಕಿತ್ತು, ಹೊಸ ಪರೀಕ್ಷೆಗಳಲ್ಲಿ ನೋಡಿದರೆ ಚಿತ್ರ ಅಷ್ಟು ಸ್ಪಷ್ಟವಾಗಿಲ್ಲ ಅಂತ ಪಾಲ್ ವಾನ್ ಹಿಪ್ಪೆಲ್ ಎಂಬ ಸಂಶೋಧಕರು 2019ರಲ್ಲಿ ಬರೆದಿದ್ದಾರೆ. ಹಾಗಾಗಿ ಹೆದರಿಕೊಂಡು ಯಾವ ಶಿಬಿರಕ್ಕೂ ಸೇರಿಸಬೇಡಿ. ನಮ್ಮ ಗ್ರಂಥಾಲಯದವರು ಜಾಹೀರಾತಿನಲ್ಲಿ ಹಾಗೆ ಹೆದರಿಸಿರಲಿಲ್ಲ. ನನಗೆ ಮೊದಲು ಹಿಡಿಸಿದ್ದೇ ಅದು.

ಮೊದಲ ವಾರ ಕಥೆ. ಕಥೆ ಓದುವುದರಲ್ಲಿ ಕಲಿಯಲು ಏನಿದೆ, ದಿನಾ ರಾತ್ರಿ ಓದುತ್ತೇನಲ್ಲ ಅಂದುಕೊಂಡಿದ್ದೆ. ಅವರು ತೋರಿಸಿದ್ದು ಬೇರೆಯೇ. ದೊಡ್ಡವರು ಕಡಿಮೆ ಓದಬೇಕು, ಜಾಸ್ತಿ ಕೇಳಬೇಕು. ಮಗು ಒಂದು ಪದ ಹೇಳಿದರೆ ಅದಕ್ಕೆ ಇನ್ನೆರಡು ಪದ ಸೇರಿಸಿ ತಿರುಗಿ ಹೇಳಬೇಕು. ಹೌದು, ಇಲ್ಲ ಅಂತ ಮುಗಿದುಹೋಗುವ ಪ್ರಶ್ನೆ ಬೇಡ. ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಕಾಯಬೇಕು. ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಅವರ ಜೊತೆಗಾರರು 1988ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಇಂಥ ಓದು ಹೆಸರಾಯಿತಂತೆ. ಎರಡು ವರ್ಷದ ಆಸುಪಾಸಿನ ಮಕ್ಕಳಿಗೆ ತಂದೆತಾಯಂದಿರು ಮನೆಯಲ್ಲಿ ಒಂದೇ ತಿಂಗಳು ಹೀಗೆ ಓದಿದ್ದರು, ಅಷ್ಟಕ್ಕೇ ಆ ಮಕ್ಕಳ ಮಾತು ಉಳಿದ ಮಕ್ಕಳಿಗಿಂತ ಮುಂದೆ ಹೋಗಿತ್ತು.

ನನ್ನ ಮಗ ಜಾಸ್ತಿ ಮಾತಾಡುವವನಲ್ಲ. ಪುಸ್ತಕದಲ್ಲಿ ಮುಚ್ಚಿದ ಬಾಗಿಲ ಮುಂದೆ ಒಂದು ನಾಯಿಯ ಚಿತ್ರ ಇತ್ತು. "ನಾಯಿ" ಅಂದ. "ಹೌದು, ಒದ್ದೆಯಾದ ನಾಯಿ. ಯಾಕೆ ಹೊರಗೆ ನಿಂತಿದೆ?" ಅಂತ ಕೇಳಿ ಎಣಿಸುತ್ತಾ ಕೂತೆ. ಐದಾಯಿತು, ಎಂಟಾಯಿತು. ಮಧ್ಯೆ ಬಾಯಿ ಹಾಕಬೇಕು ಅಂತ ನಾಲಿಗೆ ತುದಿಯವರೆಗೆ ಬಂದಿತ್ತು, ತಡೆದುಕೊಂಡೆ. ಆಮೇಲೆ ಅವನು, "ಅದು ಇನ್ನೂ ಬಂದಿರ್ಲಿಲ್ಲ ಅಮ್ಮ. ಅವರು ನೋಡದೆ ಬಾಗಿಲು ಹಾಕ್ಬಿಟ್ರು" ಅಂದ. ಇಷ್ಟು ದಿನ ನಾನು ಎರಡು ಎಣಿಸುವಷ್ಟೂ ಕಾದಿರಲಿಲ್ಲ ಅಂತ ಆಗ ಗೊತ್ತಾಯಿತು. ಮಗುವನ್ನು ಬಿಟ್ಟು ಹೋಗುವ ಶಿಬಿರವಾಗಿದ್ದರೆ ಆ ಉತ್ತರವನ್ನು ಇನ್ಯಾರೋ ಕೇಳಿಸಿಕೊಳ್ಳುತ್ತಿದ್ದರು, ಅಲ್ವಾ?

ಎರಡನೇ ವಾರ ಗಿಡ, ಹುಳ, ಹಕ್ಕಿ. ಐನ್ಯಾಚುರಲಿಸ್ಟ್ ಎಂಬ ಆ್ಯಪ್ ಬಳಸಿದರು. 2008ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದದ್ದು ಇದು. ಫೋಟೋ ಹಾಕಿದರೆ ಯಾವ ಜೀವಿ ಇರಬಹುದು ಅಂತ ಸೂಚಿಸುತ್ತದೆ, ಆಮೇಲೆ ಬೇರೆ ಬೇರೆ ಕಡೆಯ ಬಲ್ಲವರು ನೋಡಿ ಹೌದು ಅಲ್ಲ ಅನ್ನುತ್ತಾರೆ. 13 ವರ್ಷದ ಒಳಗಿನ ಮಕ್ಕಳು ಇದರಲ್ಲಿ ತಾವೇ ಖಾತೆ ತೆರೆಯುವ ಹಾಗಿಲ್ಲ. ಹಾಗಾಗಿ ದೊಡ್ಡವರ ಫೋನ್, ದೊಡ್ಡವರ ಖಾತೆ, ಮಕ್ಕಳ ಕಣ್ಣು. ಒಂದು ಮಾತು ಇಲ್ಲಿ ಸೇರಿಸುತ್ತೇನೆ, ಇದನ್ನು ಶಿಬಿರದಲ್ಲಿ ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು: ಮನೆಯ ಅಂಗಳದಲ್ಲಿ ತೆಗೆದ ಫೋಟೋ ಹಾಕುವಾಗ ಜಾಗ ಸರಿಯಾಗಿ ಕಾಣದ ಹಾಗೆ ಸೆಟ್ಟಿಂಗ್ ಬದಲಿಸಿ. ಇಲ್ಲದಿದ್ದರೆ ಮನೆ ಎಲ್ಲಿದೆ ಅಂತ ಎಲ್ಲರಿಗೂ ಕಾಣುತ್ತದೆ. ಖಾತೆಯ ರಗಳೆಯೇ ಬೇಡ ಅನ್ನುವವರಿಗೆ ಐನ್ಯಾಚುರಲಿಸ್ಟ್‌ನವರದೇ ಸೀಕ್ ಎಂಬ ಇನ್ನೊಂದು ಆ್ಯಪ್ ಇದೆ.

ಆ ವಾರದ ಶನಿವಾರ ಸಂಜೆಯನ್ನು ಮಾತ್ರ ನಾನು ಮರೆಯುವುದಿಲ್ಲ. ಮೈದಾನದ ಮೂಲೆಯಲ್ಲಿ ಎರಡು ಕಂಬದ ನಡುವೆ ಒಂದು ಬಿಳಿ ಬಟ್ಟೆ ಕಟ್ಟಿ, ಅದರ ಮುಂದೆ ಒಂದು ದೀಪ ಇಟ್ಟರು. ಅಷ್ಟೇ. ಕತ್ತಲಾಗಿ ಅರ್ಧ ಗಂಟೆಯೊಳಗೆ ಬಟ್ಟೆಯ ತುಂಬ ಪತಂಗಗಳು. ಕಂದು ಬಣ್ಣ ಅಂದರೆ ಎಷ್ಟು ಬಗೆಯ ಕಂದು ಇರುತ್ತದೆ ಅಂತ ಅವತ್ತು ನೋಡಿದೆ, ಒಂದರ ರೆಕ್ಕೆ ಒಣಗಿದ ಎಲೆಯಂತೆ, ಇನ್ನೊಂದರದ್ದು ಮರದ ತೊಗಟೆಯಂತೆ, ಒಂದು ಚಿಕ್ಕದು ಅಕ್ಕಿಕಾಳಿನಷ್ಟೇ ಇದ್ದು ಹತ್ತಿರ ಹೋಗಿ ನೋಡಿದರೆ ಬೆಳ್ಳಿಯ ಗೆರೆ. ಮಕ್ಕಳು ಪಿಸುಮಾತಿನಲ್ಲಿ ಮಾತಾಡುತ್ತಿದ್ದರು, ಯಾರೂ ಹಾಗೆ ಹೇಳಿಕೊಟ್ಟಿರಲಿಲ್ಲ.

ಮಗಳು, "ಇವಕ್ಕೆ ದೀಪ ಅಂದ್ರೆ ಅಷ್ಟೊಂದು ಇಷ್ಟಾನಾ?" ಅಂತ ಕೇಳಿದಳು. ನಡೆಸುತ್ತಿದ್ದ ಹುಡುಗಿ ಕೊಟ್ಟ ಉತ್ತರ ನನಗೂ ಹೊಸದು. ಇಷ್ಟ ಅಂತ ಬರುವುದಲ್ಲವಂತೆ. ಹಾರುವ ಹುಳಕ್ಕೆ ಮೇಲೆ ಯಾವುದು, ಕೆಳಗೆ ಯಾವುದು ಅಂತ ಗೊತ್ತಾಗುವುದಕ್ಕೆ ಬೆಳಕು ಬೇಕು. ರಾತ್ರಿಯೂ ನೆಲಕ್ಕಿಂತ ಆಕಾಶ ಸ್ವಲ್ಪ ಬೆಳ್ಳಗಿರುತ್ತದೆ, ಅದಕ್ಕೆ ಬೆನ್ನು ಕೊಟ್ಟು ಹಾರಿದರೆ ನೆಟ್ಟಗೆ ಹಾರಬಹುದು. ದೀಪದ ಹತ್ತಿರ ಬಂದಾಗ ದೀಪಕ್ಕೇ ಬೆನ್ನು ತಿರುಗಿಸುತ್ತದೆ, ಹಾಗಾಗಿ ಸುತ್ತುತ್ತಲೇ ಇರುತ್ತದೆ, ಬಿಡಿಸಿಕೊಂಡು ಹೋಗಲಾಗುವುದಿಲ್ಲ. ವೇಗದ ಕ್ಯಾಮೆರಾಗಳಲ್ಲಿ ಚಿತ್ರ ತೆಗೆದು ಇದನ್ನು ತೋರಿಸಿದ ಅಧ್ಯಯನ 2024ರ ಜನವರಿಯಲ್ಲಷ್ಟೇ ಬಂತು. ಇದನ್ನು ಹೇಳಿ ಅವಳು ಸುಮ್ಮನಾಗಲಿಲ್ಲ. ಒಂದು ಗಂಟೆ ಆಗುತ್ತಿದ್ದ ಹಾಗೆ, "ಇನ್ನು ಅವು ಹೋಗಲಿ" ಅಂತ ದೀಪ ಆರಿಸಿದಳು. ಎಲ್ಲರೂ ಕತ್ತಲಲ್ಲಿ ನಿಂತಿದ್ದೆವು. ಮನೆಗೆ ಬಂದ ಮೇಲೆ ಮಗಳು ಹೊರಗಿನ ದೀಪದ ಸ್ವಿಚ್ಚನ್ನು ತಾನೇ ಆರಿಸಿದಳು, ಈಗಲೂ ದಿನಾ ಆರಿಸುತ್ತಾಳೆ.

ಮೂರನೇ ವಾರ ರಿಪೇರಿ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬಾಕೆ ರಿಪೇರಿ ಕೆಫೆ ಅಂತ ಶುರು ಮಾಡಿದ್ದರಲ್ಲ, ಅದೇ ಮಾದರಿ. ಕೆಟ್ಟ ಸಾಮಾನು ಕೊಟ್ಟು ನಾಳೆ ಬರುತ್ತೇನೆ ಅನ್ನುವ ಹಾಗಿಲ್ಲ. ಬಲ್ಲವರ ಪಕ್ಕದಲ್ಲಿ ಕೂತು, ಅವರು ಹೇಳಿದಂತೆ ನಾವೇ ಬಿಚ್ಚಿ ನಾವೇ ಜೋಡಿಸಬೇಕು. ನೋಡಿ, ಇಲ್ಲೂ ಬಿಟ್ಟು ಹೋಗುವ ಹಾಗಿಲ್ಲ! ಮಕ್ಕಳಿಗೆ ಬ್ಯಾಟರಿಯ ಸಾಮಾನು ಮಾತ್ರ, ಪ್ಲಗ್ ಹಾಕುವಂಥದ್ದನ್ನು ದೊಡ್ಡವರು ಮಾತ್ರ ಮುಟ್ಟಬೇಕು ಅಂತ ಮೊದಲೇ ಹೇಳಿದ್ದರು, ಹೇಳಿದ ಹಾಗೆ ನೋಡಿಕೊಂಡರು ಕೂಡ.

ನಾವು ಒಯ್ದದ್ದು ಒಂದು ಹಳೆಯ ಟಾರ್ಚ್. ಒಳಗೆ ಆಲ್ಕಲೈನ್ ಬ್ಯಾಟರಿ ಸೋರಿ ಬಿಳಿ ಪುಡಿ ಕಟ್ಟಿತ್ತು. ಅದು ಕ್ಷಾರ, ಬರಿಗೈಯಲ್ಲಿ ಮುಟ್ಟಬಾರದು. ಕೈಗವಸು, ಕನ್ನಡಕ ಹಾಕಿಕೊಂಡು, ಹತ್ತಿಯ ತುದಿಗೆ ಸ್ವಲ್ಪ ವಿನೆಗರ್ ಅದ್ದಿ ಒರೆಸಿದರೆ ಆ ಕ್ಷಾರ ಸಾಯುತ್ತದೆ. ಆಮೇಲೆ ಚೆನ್ನಾಗಿ ಒಣಗಿಸಿ, ಸ್ಪ್ರಿಂಗನ್ನು ಉಜ್ಜುಕಾಗದದಿಂದ ಹೊಳೆಯುವವರೆಗೆ ಉಜ್ಜಬೇಕು. ಮಗಳೇ ಮಾಡಿದಳು. ಬೆಳಕು ಬಂದಾಗ ಅವಳ ಮುಖ ನೋಡಬೇಕಿತ್ತು.

ರಿಪೇರಿಯ ಇನ್ನೊಂದು ದಿನ ಮಕ್ಕಳ ಜೊತೆಗೆ ಹೋದದ್ದು ಅತ್ತೆ, ಇದು ನಾನು ಆಮೇಲೆ ಕೇಳಿ ತಿಳಿದದ್ದು. ಪಕ್ಕದ ಮೇಜಿನಲ್ಲಿ ಯಾರದೋ ಶಾಲೆಯ ಬ್ಯಾಗಿನ ಜಿಪ್ ಕೂಡುತ್ತಿರಲಿಲ್ಲ, ಎಳೆದರೂ ಹಿಂದಿನಿಂದ ಬಿಟ್ಟುಕೊಂಡು ಹೋಗುತ್ತಿತ್ತು. ಹೊಸ ಜಿಪ್ಪೇ ಹಾಕಬೇಕು ಅಂತ ಎಲ್ಲರೂ ಹೇಳುವಾಗ ಅತ್ತೆ ಎದ್ದು ಹೋಗಿ, "ಜಿಪ್ ಚೆನ್ನಾಗೇ ಇದೆ, ರನ್ನರ್ ಬಾಯಿ ಬಿಟ್ಟಿದೆ ನೋಡಿ" ಅಂತ ಇಕ್ಕಳದಿಂದ ರನ್ನರಿನ ಎರಡೂ ಬದಿಯನ್ನು ಮೆಲ್ಲಗೆ ಒತ್ತಿದರು. ಸರಕ್ಕನೆ ಕೂಡಿತು. ಅಲ್ಲಿಂದ 12 ಗಂಟೆಯವರೆಗೆ ಅವರ ಮುಂದೆ ಸಾಲು. ಗುಂಡಿ ಹಾಕುವುದು, ಬಿಚ್ಚಿದ ಹೊಲಿಗೆ ಕೂಡಿಸುವುದು, ಸೂಜಿಗೆ ದಾರ ಪೋಣಿಸುವುದು, ಒಂದೊಂದನ್ನೂ ಮಕ್ಕಳ ಕೈಯಲ್ಲೇ ಮಾಡಿಸಿದರು. ಹತ್ತು ವರ್ಷದ ಇಬ್ಬರು ಹುಡುಗರು ಎದ್ದು ಹೋಗಲೇ ಇಲ್ಲ. ಸಂಜೆ ನಾನು ಮನೆಗೆ ಬಂದಾಗ ಅತ್ತೆ ತಮ್ಮ ಹಳೆಯ ಹೊಲಿಗೆ ಡಬ್ಬಿ ತೆಗೆದು ದಾರದ ಉಂಡೆಗಳನ್ನೆಲ್ಲ ಜೋಡಿಸುತ್ತಾ ಕೂತಿದ್ದರು.

ಇನ್ನು ಸರಿಯಿಲ್ಲದ್ದು. ಇದೂ ಇದೆ, ಹೇಳಲೇಬೇಕು.

ಎರಡನೇ ವಾರ ಮಕ್ಕಳು ತುಂಬಾ ಜಾಸ್ತಿಯಾದರು. ಬಂದವರನ್ನು ಬೇಡ ಅನ್ನಲು ಮನಸ್ಸಾಗಲಿಲ್ಲವಂತೆ. 5 ವರ್ಷದವರ ಗುಂಪಿನಲ್ಲಿ 11 ಮಕ್ಕಳಿಗೆ ಒಬ್ಬರೇ ಹೇಳಿಕೊಡುವವರು. ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಹಗಲು ಶಿಬಿರಗಳಿಗೆ ಇಟ್ಟಿರುವ ಲೆಕ್ಕ 4-5 ವರ್ಷದವರಾದರೆ 6 ಮಕ್ಕಳಿಗೆ ಒಬ್ಬರು, 6-8 ವರ್ಷದವರಾದರೆ 8ಕ್ಕೆ ಒಬ್ಬರು, 9-14 ಆದರೆ 10ಕ್ಕೆ ಒಬ್ಬರು. ದೊಡ್ಡವರು ಜೊತೆಗಿದ್ದಾರಲ್ಲ ಅಂತ ಅವರು ಅಂದುಕೊಂಡಿದ್ದರು, ಆದರೆ ಫೋನ್ ಬಂತು ಅಂತ ಎದ್ದು ಹೋದವರು ಕಡಿಮೆಯೇನಲ್ಲ. ನಾವು ನಾಲ್ಕು ಮನೆಯವರು ಸೇರಿ ಹೇಳಿದ ಮೇಲೆ ಮೂರನೇ ವಾರ ಗುಂಪು ಒಡೆದರು.

ಕಥೆಯ ಕೋಣೆ ಮೊದಲ ಮಹಡಿಯಲ್ಲಿತ್ತು, ಮೆಟ್ಟಿಲು ಬಿಟ್ಟರೆ ಬೇರೆ ದಾರಿ ಇಲ್ಲ. ಗಾಲಿಕುರ್ಚಿಯಲ್ಲಿ ಬರುವ ಒಂದು ಮಗುವನ್ನು ಅವರ ಅಪ್ಪ ಮೊದಲ ಎರಡು ದಿನ ಎತ್ತಿಕೊಂಡೇ ಹತ್ತಿ ಇಳಿದರು. ಮೂರನೇ ದಿನ ಕಥೆಯನ್ನೇ ಕೆಳಗೆ ತಂದರು, ಸಂತೋಷ. ಆದರೆ ನೋಂದಣಿ ಅರ್ಜಿಯಲ್ಲೇ ಒಂದು ಸಾಲು ಕೇಳಿದ್ದರೆ ಆ ಎರಡು ದಿನ ತಪ್ಪುತ್ತಿತ್ತು. ನನಗೆ ಅದು ಬಹಳ ನೋವಾಯಿತು.

ಸಮಯವೂ ಒಂದು ದೊಡ್ಡ ಕೊರತೆ. ವಾರದ ದಿನ ಬೆಳಿಗ್ಗೆ 9.30ಕ್ಕೆ ಯಾರು ಬರಬಲ್ಲರು? ರಜೆ ಸಿಗುವವರು, ಇಲ್ಲಾ ಮನೆಯಲ್ಲಿ ಅಜ್ಜಿ ತಾತ ಇರುವವರು. ದಿನಗೂಲಿಗೆ ಹೋಗುವ ಮನೆಯ ಮಕ್ಕಳು ನಾನು ಎಣಿಸಿದಂತೆ ಮೂರೇ ಮೂರು. ದೊಡ್ಡವರು ಜೊತೆಗಿರಲೇಬೇಕು ಅನ್ನುವ ನಿಯಮ ನನಗೆ ಇಷ್ಟವಾದದ್ದು ನಿಜ, ಅದೇ ನಿಯಮ ಇವರನ್ನು ಹೊರಗೆ ಇಟ್ಟಿತು ಅನ್ನುವುದೂ ನಿಜ. ಸಂಜೆ 6ರ ಮೇಲೆ ಒಂದು ತಂಡ ಮಾಡಿ, ಯಾರೂ ಬರಲಾಗದ ಮಗುವಿನ ಜೊತೆ ಬಡಾವಣೆಯ ಹಿರಿಯರೊಬ್ಬರನ್ನು ಕೂರಿಸಿ ಅಂತ ಬರೆದು ಕೊಟ್ಟಿದ್ದೇನೆ.

ಕೊನೆಯ ದಿನದ ವೇದಿಕೆ ಕಾರ್ಯಕ್ರಮ ಬೇಕಿರಲಿಲ್ಲ. ಅದರ ಅಭ್ಯಾಸಕ್ಕೆ ಅಂತ ಮೂರು ದಿನ ಹೋಯಿತು, ರಿಪೇರಿಗೆ ಎರಡೇ ದಿನ ಉಳಿಯಿತು. ಅಷ್ಟು ಮಕ್ಕಳಿಗೆ ಒಂದೇ ಶೌಚಾಲಯ, ಅದೂ ಸರಿಯಾಗಬೇಕು.

ಸೇರಬೇಕು ಅನ್ನುವವರು ಮೊದಲು ಮನೆಯಲ್ಲಿ ಮಾತಾಡಿಕೊಳ್ಳಿ, ಯಾವ ದಿನ ಯಾರು ಹೋಗುತ್ತಾರೆ ಅಂತ. ಹೋದವರು ಫೋನನ್ನು ಚೀಲದಲ್ಲೇ ಇಟ್ಟುಬಿಡಿ, ಹುಳದ ವಾರ ಒಂದು ಬಿಟ್ಟು. ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ ರಿಪೇರಿಯ ವಾರ ಅವರನ್ನೇ ಕಳಿಸಿ. ನಮ್ಮ ಅತ್ತೆ ಮುಂದಿನ ವರ್ಷಕ್ಕೆ ಈಗಲೇ ಹೆಸರು ಕೊಟ್ಟು ಬಂದಿದ್ದಾರೆ, ಮೊಮ್ಮಕ್ಕಳ ಜೊತೆಗೆ ಬರುವವರ ಪಟ್ಟಿಯಲ್ಲಿ ಅಲ್ಲ, ಹೇಳಿಕೊಡುವವರ ಪಟ್ಟಿಯಲ್ಲಿ.