ಸೈಕಲ್ ಸಿನಿಮಾ ನೋಡಿ ನಿದ್ದೆ ಕಲಿತದ್ದು

ಮೊದಲೇ ಹೇಳಿಬಿಡುತ್ತೇನೆ. ದೂರದ ಸೈಕಲ್ ಸವಾರಿಯ ಬಗ್ಗೆ ಮೂರು ಸಾಕ್ಷ್ಯಚಿತ್ರ ನೋಡಿದೆ. ಮೂರರಲ್ಲೂ ಸವಾರರು ನಿದ್ದೆಯನ್ನು ಹೇಗೆ ಸಂಭಾಳಿಸುತ್ತಾರೋ ಅದನ್ನು ನಮ್ಮ ಕಾಸರಗೋಡಿನ ರಸ್ತೆಯಲ್ಲಿ ಮಾಡಿ ನೋಡಿದೆ. ನನಗೆ ಹಿಡಿಸಿದ್ದು ‘ಇನ್‌ಸ್ಪೈರ್ಡ್ ಟು ರೈಡ್’. ಉಳಿದ ಎರಡೂ ಒಳ್ಳೆಯ ಚಿತ್ರಗಳೇ. ಆದರೆ ಅದರಲ್ಲಿ ಒಂದನ್ನು ನೋಡಿದ ಹುರುಪಿನಲ್ಲಿ 4,200 ರೂಪಾಯಿ ಕೊಟ್ಟು ಒಂದು ನಿದ್ದೆ ಚೀಲ ತರಿಸಿದೆ. ಅದು ಈಗ ಅಟ್ಟದ ಮೇಲೆ ಉಂಟು.

ನಾನು ಬದಿಯಡ್ಕದ ಹತ್ತಿರದವಳು, ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ನಾಲ್ಕು ವರ್ಷದಿಂದ ತಮ್ಮನ ಜತೆ ಬಿಆರ್‌ಎಂ ಎಂಬ ದೂರದ ಸೈಕಲ್ ಸವಾರಿಗೆ ಹೋಗುತ್ತಿದ್ದೇನೆ. ಇದು ರೇಸ್ ಅಲ್ಲ. ಯಾರು ಮೊದಲು ಬಂದರು ಎಂಬ ಲೆಕ್ಕ ಇಲ್ಲ, ಗಡುವಿನೊಳಗೆ ಮುಗಿಸಿದರೆ ಆಯಿತು. 300 ಕಿ.ಮೀ.ಗೆ 20 ಗಂಟೆ, 400ಕ್ಕೆ 27, 600ಕ್ಕೆ 40. ಮುನ್ನೂರರವರೆಗೆ ನಿದ್ದೆಯನ್ನು ಹೇಗೋ ತಳ್ಳಬಹುದು. ನಾನೂರಕ್ಕೆ ಹೋದಾಗ ಒಂದು ಇಡೀ ರಾತ್ರಿ ಎದುರಿಗೆ ಬಂದು ನಿಲ್ಲುತ್ತದೆ.

ನನ್ನ ಮೊದಲ 400ರಲ್ಲಿ ಆದದ್ದು ಇದು. ಮಂಗಳೂರಿನಿಂದ ಹೊರಟು ವಡಕರ ಮುಟ್ಟಿ ವಾಪಸ್ ಬರುತ್ತಿದ್ದೆವು. ನೀಲೇಶ್ವರ ಇನ್ನೇನು ಬಂತು, ಗಂಟೆ ಮೂರು. ಹೆದ್ದಾರಿ ಅಗಲ ಮಾಡುವ ಕೆಲಸಕ್ಕೆ ರಸ್ತೆ ಬದಿಯಲ್ಲಿ ಜಲ್ಲಿ ಸುರಿದಿದ್ದರು. ಟಯರಿನ ಕೆಳಗೆ ಜಲ್ಲಿ ಕಿರ್ ಎಂದಾಗಲೇ ನನಗೆ ಎಚ್ಚರವಾದದ್ದು. ಅದಕ್ಕೆ ಮುಂಚಿನ ಅರ್ಧ ಫರ್ಲಾಂಗು ರಸ್ತೆ ನನಗೆ ನೆನಪೇ ಇಲ್ಲ. ಕಾಲು ತುಳಿಯುತ್ತಲೇ ಇತ್ತು, ಕಣ್ಣು ತೆರೆದೇ ಇತ್ತಂತೆ. ಹಿಂದಿನಿಂದ ತಮ್ಮ ಕೂಗಿದ, “ಎಂತ ಅಕ್ಕ, ನಿದ್ದೆಯಾ?” ಆ ರಾತ್ರಿ ಅಲ್ಲಿಗೇ ನಿಲ್ಲಿಸಿ, ಬೆಳಗ್ಗೆ ರೈಲಿನಲ್ಲಿ ಮನೆಗೆ ಬಂದೆವು. ಏಪ್ರಿಲ್ ರಜೆಯಲ್ಲಿ ಇಬ್ಬರೂ ಕೂತು ಈ ಚಿತ್ರಗಳನ್ನು ಒಂದೊಂದಾಗಿ ನೋಡಿದೆವು.

ಮೊದಲು ನೋಡಿದ್ದು ‘ಬೈಸಿಕಲ್ ಡ್ರೀಮ್ಸ್’. 2005ರ ರೇಸ್ ಅಕ್ರಾಸ್ ಅಮೆರಿಕದ ಕತೆ. ಎಲ್ಲರೂ ಅದನ್ನು ‘ರಾಮ್’ ಎನ್ನುತ್ತಾರೆ. ಅಮೆರಿಕದ ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಗೆ, ಸುಮಾರು 4,800 ಕಿ.ಮೀ. ಗಡಿಯಾರ ನಿಲ್ಲುವುದೇ ಇಲ್ಲ, ಮಲಗಿದರೂ ಸಮಯ ಓಡುತ್ತಿರುತ್ತದೆ. ಆ ವರ್ಷ ಗೆದ್ದವರು ಸ್ಲೊವೇನಿಯಾದ ಸೈನಿಕ ಯೂರೆ ರೊಬಿಚ್. ಐದು ಸಲ ರಾಮ್ ಗೆದ್ದವರು ಅವರು. ನಿದ್ದೆಗೆಟ್ಟ ಮನುಷ್ಯ ಹೇಗಾಗುತ್ತಾನೆ ಎಂದು ನೋಡಬೇಕಾದರೆ ಈ ಚಿತ್ರ ನೋಡಬೇಕು. ದೊಡ್ಡ ದೊಡ್ಡ ಗಂಡಸರು ರಸ್ತೆ ಬದಿಯಲ್ಲಿ ಮಕ್ಕಳ ಹಾಗೆ ಆಗಿಬಿಡುತ್ತಾರೆ. ಅದೇ ರೇಸಿನಲ್ಲಿ ಬಾಬ್ ಬ್ರೀಡ್‌ಲವ್ ಎಂಬ ಡಾಕ್ಟರ್ ಕೊಲೊರಾಡೊದಲ್ಲಿ ಎದುರಿನ ವಾಹನಕ್ಕೆ ಡಿಕ್ಕಿಯಾಗಿ ತೀರಿಕೊಂಡರು. ಚಿತ್ರ ಮುಗಿದ ಮೇಲೆ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮ ದೇಶದವರಲ್ಲಿ ರಾಮ್ ಅನ್ನು ಒಬ್ಬರೇ ಮುಗಿಸಿದ ಮೊದಲಿಗರು ಸೇನೆಯ ವೈದ್ಯ ಶ್ರೀನಿವಾಸ್ ಗೋಕುಲನಾಥ್, 2017ರಲ್ಲಿ. ಚಿತ್ರ ನೋಡಿದ ಮೇಲೆ ಅವರ ಮೇಲಿನ ಗೌರವ ನೂರುಪಟ್ಟು ಹೆಚ್ಚಾಯಿತು.

ರಾಮ್‌ನಲ್ಲಿ ಸವಾರರ ಹಿಂದೆ ಗಾಡಿ, ಗಾಡಿಯಲ್ಲಿ ಜನ. ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎನ್ನುವ ಲೆಕ್ಕ ಹೆಚ್ಚಾಗಿ ಅವರ ಕೈಯಲ್ಲಿ. ಅದನ್ನು ನಾವೂ ಮಾಡಿದೆವು. ಒಂದು ಶನಿವಾರ ರಾತ್ರಿ ಕುಂಬಳೆ, ಕಾಸರಗೋಡು, ಕಾಞಂಗಾಡು ಸುತ್ತು ಹೊಡೆದೆ, ತಮ್ಮ ಓಮ್ನಿಯಲ್ಲಿ ಹಿಂದೆ ಬಂದ. ಹಿಂದಿನ ಸೀಟು ಮಡಚಿ ಹಾಸಿದ ಚಾಪೆಯ ಮೇಲೆ ಒಂದೂವರೆ ಗಂಟೆ ಮಲಗಿದೆ. ಎದ್ದಾಗ ತಲೆ ತೊಳೆದಿಟ್ಟ ಹಾಗಿತ್ತು. ನಿಜ ಹೇಳಬೇಕಾದರೆ ಮೂರು ಕ್ರಮಗಳಲ್ಲಿ ಒಳ್ಳೆಯ ನಿದ್ದೆ ಸಿಕ್ಕಿದ್ದು ಇದರಲ್ಲೇ. ಆದರೆ ಬಿಆರ್‌ಎಂನಲ್ಲಿ ಹಿಂದಿನಿಂದ ಗಾಡಿ ಬರುವ ಹಾಗಿಲ್ಲ, ಕಂಟ್ರೋಲ್ ಎನ್ನುವ ತಪಾಸಣೆಯ ಜಾಗಗಳಲ್ಲಿ ಮಾತ್ರ ಸಹಾಯ ತೆಗೆದುಕೊಳ್ಳಬಹುದು. ಅದಲ್ಲದೆ ನನ್ನ ಒಂದೂವರೆ ಗಂಟೆ ನಿದ್ದೆಗೆ ತಮ್ಮನ ಇಡೀ ರಾತ್ರಿಯ ನಿದ್ದೆ ಹೋಯಿತು, ಪೆಟ್ರೋಲೂ ಹೋಯಿತು.

ಎರಡನೆಯದು ‘ರೈಡ್ ದ ಡಿವೈಡ್’. ನೋಡಲಿಕ್ಕೆ ಮೂರರಲ್ಲಿ ಇದೇ ಚಂದ. ಕೆನಡಾದ ಬ್ಯಾನ್ಫ್‌ನಿಂದ ಮೆಕ್ಸಿಕೊ ಗಡಿಯವರೆಗೆ ಬೆಟ್ಟದ ಮಣ್ಣು ದಾರಿ, ಸುಮಾರು 4,400 ಕಿ.ಮೀ., 2008ರ ಓಟ. ಗಾಡಿ ಇಲ್ಲ, ಜನ ಇಲ್ಲ. ಬೇಕಾದದ್ದನ್ನೆಲ್ಲ ಸೈಕಲ್ಲಿಗೇ ಕಟ್ಟಿಕೊಂಡು ಹೋಗುತ್ತಾರೆ, ಕಾಡಿನಲ್ಲಿ ಮಲಗುತ್ತಾರೆ. ಹಾಗೆ ಮಲಗಲಿಕ್ಕೆ ಬಿವಿ ಎಂಬ ತೆಳ್ಳಗಿನ ಚೀಲ ಉಂಟು. ಡೇರೆ ಬೇಡ, ಚೀಲದೊಳಗೆ ಹೊಕ್ಕು ಜಿಪ್ ಎಳೆದುಕೊಂಡರೆ ಆಯಿತು. ಮಡಚಿದರೆ ಒಂದು ಚೆಂಬಿನಷ್ಟು. ಎಲ್ಲಿ ಬೇಕಾದರೂ ಮಲಗಬಹುದಲ್ವಾ ಎನ್ನಿಸಿತು. ತರಿಸಿದೆ.

ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕೆಂದರೆ ಚಿತ್ರ ನೋಡಿದವರೆಲ್ಲ ಮೊದಲು ಹುಡುಕುವುದು ಇದನ್ನೇ.

ಎರಡನೇ ಸಲ 400ಕ್ಕೆ ಹೋದದ್ದು ಫೆಬ್ರವರಿಯಲ್ಲಿ. ರಾತ್ರಿ ಎರಡು ಗಂಟೆಗೆ ಕಾಞಂಗಾಡಿನ ಹತ್ತಿರ ಒಂದು ಪೆಟ್ರೋಲ್ ಪಂಪಿನವರನ್ನು ಕೇಳಿ ಅವರ ಜಗಲಿಯಲ್ಲಿ ಚೀಲ ಬಿಡಿಸಿದೆ. ಹೊರಗೆ ಕಿತ್ತಳೆ ಬಣ್ಣ, ಒಳಗೆ ಬೆಳ್ಳಿಯ ಹಾಳೆಯಂಥ ಪದರ. ಮೈ ಹೊರಳಿಸಿದರೆ ಚಿಪ್ಸ್ ಪ್ಯಾಕೆಟ್ ಹಿಸುಕಿದ ಸದ್ದು. ಅದನ್ನು ತಡೆದುಕೊಂಡೆ. ಹತ್ತು ನಿಮಿಷದಲ್ಲಿ ಬೆನ್ನು ಒದ್ದೆ. ಇಪ್ಪತ್ತು ನಿಮಿಷಕ್ಕೆ ಮೊಬೈಲಿನ ಬೆಳಕು ಹಾಕಿ ನೋಡಿದರೆ, ಕುಕ್ಕರಿನ ಮುಚ್ಚಳದ ಒಳಗಡೆ ನಿಂತ ಹಾಗೆ ಹನಿ ಹನಿ ನೀರು. ಎಲ್ಲ ನನ್ನದೇ ಬೆವರು. ಬ್ಯಾನ್ಫ್ ಕಡೆಯ ಬೆಟ್ಟದಲ್ಲಿ ರಾತ್ರಿ ಚಳಿ, ಗಾಳಿ ಒಣಗಾಳಿ. ಅಲ್ಲಿ ಮೈಯ ಬಿಸಿ ಹೊರಗೆ ಹೋಗದಂತೆ ಹಿಡಿದಿಡುವುದೇ ಚೀಲದ ಕೆಲಸ. ನಮ್ಮದು ಸಮುದ್ರದ ಬದಿ. ಫೆಬ್ರವರಿಯಲ್ಲೂ ಗಾಳಿಯಲ್ಲಿ ನೀರು ತುಂಬಿರುತ್ತದೆ. ಆ ಬೆಳ್ಳಿ ಪದರದಿಂದ ಹಬೆ ಹೊರಗೆ ಹೋಗಲಿಕ್ಕೆ ದಾರಿಯೇ ಇಲ್ಲ.

ಜಿಪ್ ತೆರೆದೆ. ಸೊಳ್ಳೆ. ಜಿಪ್ ಹಾಕಿದೆ. ಬೆವರು. ಮತ್ತೆ ತೆರೆದೆ. ಒಂದು ಗಂಟೆಯಲ್ಲಿ ಐದಾರು ಸಲ ಇದೇ ಆಯಿತು, ಕಣ್ಣು ಮುಚ್ಚಿದ್ದು ಹತ್ತು ನಿಮಿಷವೂ ಇರಲಿಕ್ಕಿಲ್ಲ. ಅತ್ತ ತಮ್ಮ ಬರೀ ಸಿಮೆಂಟಿನ ನೆಲದಲ್ಲಿ, ಕೈಕಾಲಿಗೆ ಓಡೊಮಾಸ್ ಬಳಿದು, ಮುಖದ ಮೇಲೆ ಲುಂಗಿ ಹಾಕಿಕೊಂಡು ನಲವತ್ತು ನಿಮಿಷ ಗೊರಕೆ ಹೊಡೆದ.

ಸಂಕಟ ಅಲ್ಲಿಗೂ ಮುಗಿಯಲಿಲ್ಲ. ಒದ್ದೆ ಬಟ್ಟೆಯಲ್ಲೇ ಸೈಕಲ್ ಹತ್ತಿದೆ. ಬೇಕಲ ದಾಟುವವರೆಗೆ ಗಾಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಕುಂಬಳೆಗೆ ಬರುವಷ್ಟರಲ್ಲಿ ಒದ್ದೆ ಚಡ್ಡಿ ಉಜ್ಜಿ ಉಜ್ಜಿ ತೊಡೆಯ ಸಂದು ಸುಲಿದಿತ್ತು. ಕೊನೆಯ ಮೂವತ್ತು ಚಿಲ್ಲರೆ ಕಿಲೋಮೀಟರ್ ಸೀಟಿನ ಮೇಲೆ ಸರಿಯಾಗಿ ಕೂರಲಿಕ್ಕೇ ಆಗಲಿಲ್ಲ. ಗಡುವಿಗೆ ಇಪ್ಪತ್ತು ನಿಮಿಷ ಇರುವಾಗ ಮುಟ್ಟಿದೆ. ಚೀಲ ವಾಪಸ್ ಕಳಿಸೋಣವೆಂದರೆ ಬಳಸಿದ ಮಾಲನ್ನು ತೆಗೆದುಕೊಳ್ಳುವುದಿಲ್ಲ ಎಂದರು. ಡಿಸೆಂಬರಿನಲ್ಲಿ ಮಡಿಕೇರಿ ಕಡೆ ಹೋಗುವವರಿಗೆ ಇದು ಉಪಕಾರಕ್ಕೆ ಬರಬಹುದು. ತಲಪಾಡಿಯಿಂದ ಪಯ್ಯನ್ನೂರಿನವರೆಗಿನ ಕರಾವಳಿಗೆ ಖಂಡಿತ ಬೇಡ.

ಇನ್ನು ‘ಇನ್‌ಸ್ಪೈರ್ಡ್ ಟು ರೈಡ್’. 2014ರಲ್ಲಿ ಮೊದಲ ಸಲ ನಡೆದ ಟ್ರಾನ್ಸ್ ಆಮ್ ರೇಸಿನ ಚಿತ್ರ. ಅಮೆರಿಕದ ಅಸ್ಟೋರಿಯಾದಿಂದ ಯಾರ್ಕ್‌ಟೌನ್‌ಗೆ, 6,800 ಕಿ.ಮೀ. ಹತ್ತಿರ. ಇಲ್ಲೂ ಹಿಂದೆ ಗಾಡಿ ಇಲ್ಲ, ಆದರೆ ದಾರಿ ಡಾಂಬರು ರಸ್ತೆ. ದಾರಿಯಲ್ಲಿ ಊರು, ಅಂಗಡಿ, ಲಾಡ್ಜ್ ಎಲ್ಲ ಸಿಗುತ್ತವೆ. ಎಲ್ಲರಿಗೂ ಸಿಗುವಂಥದ್ದನ್ನು ಮಾತ್ರ ಸವಾರರು ಬಳಸಬಹುದು. ನಮ್ಮ ಬಿಆರ್‌ಎಂ ಕೂಡ ಹೆಚ್ಚುಕಡಿಮೆ ಹೀಗೇ ಅಲ್ವಾ? ಗೆದ್ದವರು ಬ್ರಿಟನ್ನಿನ ಮೈಕ್ ಹಾಲ್, 17 ದಿನ 16 ಗಂಟೆಯಲ್ಲಿ. ಲೆಕ್ಕ ಹಾಕಿದರೆ ದಿನಕ್ಕೆ 380 ಕಿ.ಮೀ. ಮೇಲಾಯಿತು. ನಾನು ಕಣ್ಣು ಕೀಳದೆ ನೋಡಿದ್ದು ಜೂಲಿಯಾನಾ ಬುರಿಂಗ್ ಅವರನ್ನು. ಹೆಂಗಸರಲ್ಲಿ ಮೊದಲು, ಎಲ್ಲರ ಲೆಕ್ಕದಲ್ಲಿ ನಾಲ್ಕನೆಯವರು. ಅದಕ್ಕೆ ಎರಡು ವರ್ಷ ಮುಂಚೆ, 2012ರಲ್ಲಿ, ಸೈಕಲ್ಲಿನಲ್ಲಿ ಪ್ರಪಂಚ ಸುತ್ತಿ ಬಂದವರು.

ಹೆಂಗಸೊಬ್ಬಳಿಗೆ ಎಲ್ಲಿ ಮಲಗುವುದು ಎನ್ನುವುದು ಎಷ್ಟು ಹೊತ್ತು ಮಲಗುವುದು ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ತಮ್ಮ ಯಾವ ಬಸ್ ಸ್ಟಾಪಿನಲ್ಲಾದರೂ ಒರಗುತ್ತಾನೆ. ನನಗೆ ಹಾಗಾಗುವುದಿಲ್ಲ. ಅವನು ಪಕ್ಕದಲ್ಲೇ ಇದ್ದರೂ ಕಿವಿ ಮಲಗುವುದಿಲ್ಲ. ನಿದ್ದೆ ತಡೆಯಲಾಗದಾಗ ಜಾಗ ಹುಡುಕಿದರೆ ಸಿಕ್ಕ ಕಡೆ ಬೀಳಬೇಕಾಗುತ್ತದೆ. ಮೊದಲೇ ಜಾಗ ಗೊತ್ತುಮಾಡಿಕೊಂಡು, ಅಲ್ಲಿಗೆ ಮುಟ್ಟುವ ಹಾಗೆ ಇಡೀ ದಿನದ ಸವಾರಿಯನ್ನು ಹೊಂದಿಸಬೇಕು. ಈ ಚಿತ್ರ ನೋಡುವಾಗ ನನ್ನ ತಲೆಗೆ ಹೊಕ್ಕಿದ್ದು ಈ ಮಾತು. ಇದಕ್ಕೆ ದುಡ್ಡೇನೂ ಬೇಕಾಗಲಿಲ್ಲ.

ಮೂರು ಚಿತ್ರಗಳ ಮೇಲೂ ನನ್ನದೊಂದು ದೂರು ಉಂಟು. ಸವಾರರು ಮಲಗಿದ ಕೂಡಲೇ ದೃಶ್ಯ ಬದಲಾಗುತ್ತದೆ. ಅರೆನಿದ್ದೆಯಲ್ಲಿ ಎದ್ದ ಮೇಲಿನ ಮೊದಲ ಕಾಲು ಗಂಟೆಯೇ ಕಷ್ಟದ್ದು. ಕೈ ಬ್ರೇಕ್ ಹಿಡಿಯುವುದಿಲ್ಲ, ಎಡಬಲ ತಿಳಿಯುವುದಿಲ್ಲ. ಅದನ್ನು ನಿಧಾನವಾಗಿ ತೋರಿಸಿದ್ದರೆ ನಮ್ಮಂಥವರಿಗೆ ಎಷ್ಟು ಉಪಕಾರವಾಗುತ್ತಿತ್ತು!

ಅದನ್ನು ನಾವೇ ಮಾಡಿ ಕಲಿಯಬೇಕಾಯಿತು. ಒಂದೋ ಇಪ್ಪತ್ತು ನಿಮಿಷ, ಇಲ್ಲವೇ ಒಂದೂವರೆ ಗಂಟೆ. ನಡುವೆ ಎಬ್ಬಿಸಿದರೆ ಗಾಢ ನಿದ್ದೆಯಿಂದ ಎಳೆದ ಹಾಗಾಗುತ್ತದೆ. ಇಪ್ಪತ್ತು ನಿಮಿಷದ ನಿದ್ದೆಗೆ ಮುಂಚೆ ರಸ್ತೆ ಬದಿಯ ತಟ್ಟುಕಡೆಯಲ್ಲಿ ಹಾಲಿಲ್ಲದ ಒಂದು ಕಟ್ಟನ್ ಕಾಪಿ ಕುಡಿದು ಒರಗುತ್ತೇನೆ. ಕಾಪಿ ತಲೆಗೇರಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು, ಏಳುವಾಗ ಅದೇ ಕೈ ಹಿಡಿದು ಎಬ್ಬಿಸುತ್ತದೆ.

ಒಂದೂವರೆ ಗಂಟೆಯ ನಿದ್ದೆಗೆ ಸಿಕ್ಕಿದ ಜಾಗ ಕಾಞಂಗಾಡು ರೈಲ್ವೇ ಸ್ಟೇಷನ್. ಪ್ಲಾಟ್‌ಫಾರ್ಮ್ ಟಿಕೆಟಿಗೆ 10 ರೂಪಾಯಿ, ಎರಡು ಗಂಟೆ ನಡೆಯುತ್ತದೆ. ಇಷ್ಟು ಸರಿಹೊಂದುವ ಲೆಕ್ಕ ಇನ್ನೆಲ್ಲೂ ಕಾಣಲಿಲ್ಲ. ಸೈಕಲ್ ಹೊರಗೆ ಪಾರ್ಕಿಂಗಿನಲ್ಲಿ ಬೀಗ ಹಾಕಿ, ಬೆಳಕಿರುವ ಕಡೆ, ಸಂಸಾರಸ್ಥರು ಕೂತ ಬೆಂಚಿನ ಪಕ್ಕ ಚೂಡಿದಾರದ ಶಾಲು ಹೊದ್ದು ಒರಗಿದೆ. ಆಚೆ ತುದಿಯಲ್ಲಿ ತಮ್ಮ. ಮಲಯಾಳದಲ್ಲಿ ಅನೌನ್ಸ್‌ಮೆಂಟ್ ಆಗುತ್ತಲೇ ಇತ್ತು, ಗೂಡ್ಸ್ ಗಾಡಿ ಹೋದಾಗ ಬೆಂಚು ನಡುಗುತ್ತಿತ್ತು. ಆದರೂ ನಿದ್ದೆ ಬಂತು. ಜನ ಇರುವ ಜಾಗದಲ್ಲಿ ನನ್ನ ಕಿವಿಗೆ ಧೈರ್ಯ.

ಕಳೆದ ಜನವರಿಯಲ್ಲಿ 600. ಶನಿವಾರ ಬೆಳಗ್ಗೆ ಐದಕ್ಕೆ ಮಂಗಳೂರು ಬಿಟ್ಟು, ಕುಟ್ಟಿಪ್ಪುರದ ಹತ್ತಿರ ತಿರುಗಿ ವಾಪಸ್. ನಾನು ದಿನಾ ಹತ್ತಕ್ಕೆ ಮಲಗಿ ಐದಕ್ಕೆ ಏಳುವವಳು. ಆದ್ದರಿಂದ 300ರ ಕಂಟ್ರೋಲಿಗೆ ಹತ್ತೂವರೆಯೊಳಗೆ ಮುಟ್ಟಬೇಕು, ಅಲ್ಲೇ ಮಲಗಬೇಕು ಎಂದು ಗೊತ್ತುಮಾಡಿದೆ. ಮೊದಲೇ ಫೋನ್ ಮಾಡಿ 700 ರೂಪಾಯಿಗೆ ರೂಮ್ ಹೇಳಿಟ್ಟಿದ್ದೆ. ಮುಟ್ಟಿದ್ದು ಹತ್ತು ಇಪ್ಪತ್ತಕ್ಕೆ. ಒಣ ಬಟ್ಟೆ, ಫ್ಯಾನ್, ಒಳಗಿನಿಂದ ಚಿಲಕ. ಹಾಸಿಗೆಗೆ ತಲೆ ಕೊಟ್ಟದ್ದಷ್ಟೇ ಗೊತ್ತು. ಒಂದೂಮುಕ್ಕಾಲಿಗೆ ಎದ್ದು, ಮುಖ ತೊಳೆದು, ಎರಡಕ್ಕೆ ರಸ್ತೆಯಲ್ಲಿದ್ದೆ.

ಜತೆಗಿದ್ದ ಬೇರೆಯವರು ನಿಲ್ಲದೆ ಮುಂದೆ ಹೋಗಿದ್ದರು, ಗಂಟೆ ಈಗ ಹತ್ತಷ್ಟೇ ಆಯಿತು ಎಂದು. ಮೂರರಿಂದ ಐದರವರೆಗೆ ಯಾರ ಮೈಯಾದರೂ ತಾನಾಗಿ ಕುಸಿಯುವ ಹೊತ್ತು. ಕೋಯಿಕ್ಕೋಡಿಗೆ ಮುಂಚೆ ಅವರಲ್ಲಿ ನಾಲ್ಕು ಜನ ಅಂಗಡಿ ಮೆಟ್ಟಿಲ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದದ್ದು ಕಂಡಿತು. ನನಗೆ ಆ ಹೊತ್ತಿನಲ್ಲಿ ಒಮ್ಮೆಯೂ ಕಣ್ಣು ಎಳೆಯಲಿಲ್ಲ. ನೀಲೇಶ್ವರದ ಆ ಜಾಗವನ್ನು ಹಾಡುಹಗಲಲ್ಲಿ ದಾಟಿದೆ. ಒಟ್ಟು 38 ಗಂಟೆ 40 ನಿಮಿಷ.

ಹಿಂದೆ ಗಾಡಿ, ಗಾಡಿಯಲ್ಲಿ ಜನ ಇರುವವರಿಗೆ ‘ಬೈಸಿಕಲ್ ಡ್ರೀಮ್ಸ್’ ಒಳ್ಳೆಯ ಪಾಠ. ಬೆಟ್ಟ ಇಷ್ಟಪಡುವವರು ‘ರೈಡ್ ದ ಡಿವೈಡ್’ ನೋಡಿ, ಚೀಲ ಮಾತ್ರ ತರಿಸಬೇಡಿ. ನನ್ನ ಹಾಗೆ ಸಂಬಳದಲ್ಲಿ ಲೆಕ್ಕ ಮಾಡಿ ಸೈಕಲ್ ಓಡಿಸುವವರು, ಸೋಮವಾರ ಬೆಳಗ್ಗೆ ಕ್ಲಾಸಿಗೆ ಹೋಗಬೇಕಾದವರು ‘ಇನ್‌ಸ್ಪೈರ್ಡ್ ಟು ರೈಡ್’ ಅನ್ನೇ ಮೊದಲು ನೋಡಿ. ಒಂದು ಮಾತು. ಅದರಲ್ಲಿ ಗೆಲ್ಲುವ ಮೈಕ್ ಹಾಲ್ 2017ರ ಮಾರ್ಚ್ 31ರಂದು ಆಸ್ಟ್ರೇಲಿಯಾದಲ್ಲಿ ಇನ್ನೊಂದು ಓಟದ ನಡುವೆ, ಮುಂಜಾನೆ, ಕಾರಿಗೆ ಸಿಕ್ಕಿ ತೀರಿಕೊಂಡರು. ಅದನ್ನು ತಿಳಿದ ಮೇಲೆ ನಾವಿಬ್ಬರೂ ಹಿಂದಿನ ದೀಪವನ್ನು ಒಂದರ ಬದಲು ಎರಡು ಮಾಡಿದೆವು.

ಮುಂದಿನ ಡಿಸೆಂಬರಿಗೆ 1,000 ಕಿ.ಮೀ., 75 ಗಂಟೆ. ಅಂದರೆ ಮೂರು ರಾತ್ರಿ. ಹತ್ತು ಗಂಟೆಗೆ ಎಲ್ಲೆಲ್ಲಿ ಇರಬೇಕು ಎಂದು ಎರಡು ರಾತ್ರಿಗೆ ಗುರುತು ಹಾಕಿಯಾಗಿದೆ. ಮೂರನೆಯದಕ್ಕೆ ತಮ್ಮ ಇನ್ನೂ ಫೋನ್ ಮಾಡಿ ವಿಚಾರಿಸುತ್ತಿದ್ದಾನೆ.